ಐದನೇ ಗೇರು

ಸೂಜಿ ಹಿಡಿಯುವ ಕೈ ನನ್ನದು, ಸ್ಪಾನರ್ ಅಲ್ಲ.
ಹಣಕೋಣ, ಕದ್ರಾ, ಮಲ್ಲಾಪುರದ ಮನೆಗಳಲ್ಲಿ
ಬೆಳಗಿನ ಚಹಕ್ಕೆ ಮೊದಲೇ ರಕ್ತ ತೆಗೆದು
ಹತ್ತರೊಳಗೆ ಕಾರವಾರದ ಲ್ಯಾಬಿಗೆ ಮುಟ್ಟಿಸುವವಳು.
ಸ್ಕೂಟರಿನ ಮೇಲೆ ಐಸ್ ಡಬ್ಬಿ ಕುಣಿದು ಕುಣಿದು
ಕೆಂಪುಕಣ ಒಡೆಯುತ್ತಿವೆ ಎಂದು ಡಾಕ್ಟರು ಬೈದ ಮೇಲೆ
ಇವತ್ತು ಕೋಡಿಬಾಗದಲ್ಲಿ ನಿಂತಿದ್ದೇನೆ,
ಒಂದು ಬಿಳಿ ಕಾರಿನ ಎದುರು.

"ಮನೆಗಾಡಿ ಬಾಯಿ, ಒಂದೇ ಕೈಯಲ್ಲಿ ಓಡಿದ್ದು"
ಎನ್ನುತ್ತಾನೆ ರೋಹಿದಾಸ.
ಇನಾಸ್ ಮಾತಾಡುವುದಿಲ್ಲ. ಕೆಟ್ಟ ಸ್ಪೀಕರಿನ ಮ್ಯಾಗ್ನೆಟ್ಟು
ಕರ್ಚೀಫಿನಿಂದ ಬಿಚ್ಚಿ ಬಾಗಿಲ ಮೇಲೆ ಇಟ್ಟ. ಹಿಡಿಯಿತು.
ಹಿಂದಿನ ಚಕ್ರದ ಕಮಾನಿಗೆ ಇಟ್ಟ.
ಹಿಡಿಯಿತು ಅನ್ನುವಷ್ಟರಲ್ಲಿ ಜಾರಿ
ಮರಳಿಗೆ ಬಿತ್ತು.
"ಪುಟ್ಟಿ" ಅಂದ. ಅಷ್ಟೇ.
ಉಪ್ಪುಗಾಳಿ ತಿಂದ ಕಡೆಯಲ್ಲೆಲ್ಲ
ಯಾರೋ ನಯವಾಗಿ ಸುಳ್ಳು ಮೆತ್ತಿ ಬಣ್ಣ ಬಳಿದಿದ್ದರು.
ಬಾಗಿಲ ಕೆಳಗಿನ ಪಟ್ಟಿಗೆ ಬೆರಳ ಗೆಣ್ಣು ತಾಗಿಸಿದರೆ
ಹಪ್ಪಳದ ಸದ್ದು.

ಆಯಿಲ್ ಕಡ್ಡಿ ಮಾತ್ರ ನಾನೇ ಎಳೆದೆ.
ಬ್ಯಾಗಿನ ಹತ್ತಿಗೆ ಒರೆಸಿ ಬೆಳಕಿಗೆ ಹಿಡಿದೆ,
ಅಭ್ಯಾಸ ಬಿಡಬೇಕಲ್ಲ.
ಕಪ್ಪು. ಆದರೆ ಹಾಲು ಬೆರೆತಿಲ್ಲ, ನೊರೆಯಿಲ್ಲ,
ಬೆರಳ ನಡುವೆ ತಿಕ್ಕಿದರೆ ಕಬ್ಬಿಣದ ಪುಡಿ ಚುಚ್ಚುವುದಿಲ್ಲ.
ವಯಸ್ಸಿಗೆ ತಕ್ಕ ರಿಪೋರ್ಟು.
ಹೊಗೆ ಒಮ್ಮೆ ನೀಲಿಯಾಗಿ ಬಂತು, ಮುಂಜಾವಿನ ಕೆಮ್ಮಿನ ಹಾಗೆ,
ಆಮೇಲೆ ಇಲ್ಲ.

ಮೀಟರಿನಲ್ಲಿ ಎರಡು ಲಕ್ಷ ಮೂವತ್ತೊಂದು ಸಾವಿರ.
"ತಿರುಗಿಸಿಲ್ಲ ತಾನೇ?"
"ತಿರುಗಿಸುವವನು ಇಷ್ಟು ಉಳಿಸುತ್ತಾನಾ ಬಾಯಿ?"
ಅದೂ ಸರಿಯೇ.

ಕಾಳಿ ಸೇತುವೆಯ ಮೇಲೆ ನಾನೇ ಓಡಿಸಿದೆ.
ಒಂದನೇ ಗೇರು ಸವೆದ ಹೊಸ್ತಿಲು,
ಕಾಲಿಡುವ ಮೊದಲೇ ಒಳಗೆ.
ರಿವರ್ಸೂ ಹಾಗೇ.
ಕ್ಲಚ್ಚು ಕಾಲು ಪೂರಾ ಎತ್ತಿದ ಮೇಲೆ, ಮನಸ್ಸಿಲ್ಲದೆ, ಹಿಡಿಯಿತು.
ಕೆಳಗೆ ಹೊಳೆ, ಆಚೆ ಸಮುದ್ರ, ಎದುರು ಖಾಲಿ ರಸ್ತೆ.
ಐದಕ್ಕೆ ಹಾಕಿದೆ.
ಬಿಗಿ!
ಮದುವೆಯಲ್ಲಿ ಬಂದು ಯಾರೂ ತೆರೆಯದ ಕಪಾಟಿನ ಬೀಗದಂತೆ
ಟಕ್ಕೆಂದು ಬಿತ್ತು.
ಇನಾಸ್ ಮೊದಲ ಸಲ ನನ್ನ ಮುಖ ನೋಡಿದ.
ಇಷ್ಟು ಓಡಿದ ಗಾಡಿ ಐದನೇ ಗೇರನ್ನೇ ಕಂಡಿಲ್ಲವೇ?

ಸದಾಶಿವಗಡದ ಬುಡದಲ್ಲಿ ನಿಲ್ಲಿಸಿದಾಗ
ತನ್ನ ಕಾಲ ಕೆಳಗಿನ ಮ್ಯಾಟು ಎತ್ತಿ ತೋರಿಸಿದ.
ಎರಡು ತೂತು, ರಬ್ಬರ್ ಬಿರಡೆ ಜಡಿದಿದ್ದು.
ಅವುಗಳ ಹಿಂದೆ ಒಂದು ಹಿಮ್ಮಡಿಯಗಲ
ತಗಡು ಸವೆದು ಹೊಳೆಯುತ್ತಿತ್ತು.

ಹಿಂದಿನ ಸೀಟು ಗಂಟಲು ಸರಿಮಾಡಿಕೊಂಡಿತು.
"ಡ್ರೈವಿಂಗ್ ಸ್ಕೂಲ್ ಇತ್ತು ಬಾಯಿ, ಹದಿನೇಳು ವರ್ಷ.
ಕೈ ಒಂದೇ ಅಂದದ್ದು ಸುಳ್ಳಲ್ಲ,
ಕಾಲಿನ ಲೆಕ್ಕ ನೀವು ಕೇಳಲಿಲ್ಲ."

ಆಮೇಲೆ ತಾನಾಗಿ ಹೇಳತೊಡಗಿದ.
ಮಾಜಾಳಿಯ ಗಣಿತದ ಟೀಚರು, ಎಡ ಅಂದರೆ ಬಲಕ್ಕೆ.
ಬಂದರಿನ ಕ್ರೇನ್ ಆಪರೇಟರ್, ಇಪ್ಪತ್ತು ಟನ್ ಎತ್ತುವವನು,
ಸ್ಟಿಯರಿಂಗ್ ಹಿಡಿದರೆ ಗಡಗಡ.
ಬೈತಖೋಲದ ಸುಗಂಧಾ, ಮೀನು ಮಾರಿದ ದುಡ್ಡಲ್ಲಿ ಫೀ ಕಟ್ಟಿ
ಮೂರು ಸಲ ಫೇಲಾಗಿ, ನಾಲ್ಕನೆಯ ಸಲ ಪಾಸಾದ ದಿನ
ಇದೇ ಬಾನೆಟ್ಟಿಗೆ ಹೂ ಮುಡಿಸಿದ್ದಳಂತೆ.
ಭೂಮಿಯನ್ನು ಐದು ಸುತ್ತು ಹಾಕುವಷ್ಟು ಓಡಿದರೂ
ಈ ಗಾಡಿ ಅಂಕೋಲೆ ಕಂಡಿಲ್ಲ.
ಕೋಡಿಬಾಗ, ಬಿಣಗಾ, ತಿರುಗಿ ಕೋಡಿಬಾಗ.

ಇನಾಸಿಗೆ ಕತೆ ಬೇಡ. ಬೆರಳು ಮಡಚಿದ:
ಕ್ಲಚ್ ಪ್ಲೇಟು, ತಳದ ತಗಡು, ಎಡಗಡೆಯ ಟಯರು.
ಹದಿನೆಂಟು ಸಾವಿರ ಇಳಿಸು ಅಂದ.
ಅವನು ಹನ್ನೆರಡು ಅಂದ.
ಹದಿನೈದರ ಹತ್ತಿರ ಇಬ್ಬರಿಗೂ ಬಾಯಾರಿತು.

"ಆ ಎರಡು ಪೆಡಲ್ ಎಲ್ಲಿವೆ?" ಎಂದೆ.
"ಮಾಳಿಗೆಯಲ್ಲಿ, ಗೋಣಿಯೊಳಗೆ. ಗುಜರಿಯವನೂ ಒಯ್ಯಲಿಲ್ಲ."
"ಮತ್ತೆ ಜೋಡಿಸಿ ಕೊಡಿ. ಹಾಗಾದರೆ ಹದಿಮೂರು ಸಾಕು.
ನಮ್ಮನೆಯವರಿಗೆ ಐವತ್ತೆರಡು,
ಕಾರಿನ ಬೀಗದ ಕೈ ಕಂಡರೂ ಬೆವರುತ್ತಾರೆ.
ಆದಿತ್ಯವಾರ ಬಿಣಗೆಯ ತನಕ ಅವರು ಓಡಿಸಲಿ,
ಬ್ರೇಕು ನನ್ನ ಕಾಲಡಿ ಇರಲಿ."

ರೋಹಿದಾಸ ನಗುವುದೋ ಬೇಡವೋ ಎಂದು ಇನಾಸನ ಕಡೆ ನೋಡಿದ.

ವಾಪಸು ಬರುವಾಗ ಎದುರಿಗೆ ಮೀನಿನ ಲಾರಿಗಳಿದ್ದವು,
ಅವಸರವೇನೂ ಇರಲಿಲ್ಲ.
ಆದರೂ ಸೇತುವೆಯ ನಡುವೆ ಐದಕ್ಕೆ ಹಾಕಿದೆ.
ಈ ಸಲ ಅಷ್ಟು ಬಿಗಿಯಿರಲಿಲ್ಲ.